ಬೋರ್ಡಿನ ಕಡೆಗೆ ಕಾಲು ಸುತ್ತು

೧೯೯೧ರ ಆಗಸ್ಟ್ ೨೪, ಶನಿವಾರ, ಮಧ್ಯಾಹ್ನ ಮೂರು ಗಂಟೆ ಐವತ್ತೆರಡು ನಿಮಿಷ. ಬಿರಂಗಟ್ ಫುಟ್‌ಬಾಲ್ ಕ್ಲಬ್ಬಿನ ಕೋಚ್ ನೆವ್ ಟ್ರೆಲೋರ್ ಮೈದಾನದ ಪಶ್ಚಿಮದ ಗೆರೆಯ ಬಳಿ ಮಂಡಿಯೂರಿ ಕೂತಿದ್ದ. ಅವನ ಮುಂದೆ ಹುಲ್ಲಿನ ಮೇಲೆ ರಾಸ್ ಹೆಂಚ್ಕೆ ಎಂಬ ಆಟಗಾರ ಕೂತಿದ್ದ. ನೆವ್ ಅವನ ಎರಡೂ ಭುಜ ಹಿಡಿದು, ಪೂರ್ವಕ್ಕಿದ್ದ ಮುಖವನ್ನು ಉತ್ತರಕ್ಕೆ, ಅಂದರೆ ಎಡಕ್ಕೆ ಕಾಲು ಸುತ್ತು, ಮೆಲ್ಲಗೆ ತಿರುಗಿಸಿದ.

ಸುತ್ತ ನಾಲ್ಕುನೂರು ಜನ ಇದ್ದರು. ಹೆಚ್ಚಿನವರು ಬೇಲಿಗೆ ಮೂತಿಯಿಟ್ಟು ನಿಲ್ಲಿಸಿದ ಕಾರುಗಳೊಳಗೆ ಕೂತು ನೋಡುತ್ತಿದ್ದರು. ಪೆಟ್ಟು ತಿಂದವನನ್ನು ಕೋಚ್ ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ನಾನು ಆ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಶನಿವಾರಗಳಲ್ಲಿ ಕ್ಲಬ್ಬಿನ ಗಡಿಯಾರ ಮತ್ತು ಸ್ಕೋರ್ ಪುಸ್ತಕ ನನ್ನ ಕೈಯಲ್ಲಿರುತ್ತಿದ್ದವು. ಇಲ್ಲಿ ಬರುವ ಸಮಯಗಳೆಲ್ಲ ಆ ಪುಸ್ತಕದವು.

ನೆವ್ ಹುಟ್ಟಿದ್ದು ೧೯೩೬ರಲ್ಲಿ, ರೈಲು ನಿಲ್ದಾಣದ ಹಿಂದಿನ ತಗಡಿನ ಮನೆಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ಊರಿನ ಗೋಧಿ ಸೈಲೋದಲ್ಲಿ, ಅಂದರೆ ಎತ್ತರದ ಕಣಜದಲ್ಲಿ, ಕೆಲಸಕ್ಕೆ ಸೇರಿದ, ಅರವತ್ತಕ್ಕೆ ಅಲ್ಲಿಂದಲೇ ನಿವೃತ್ತನಾದ. ಲಾರಿ ತೂಗುವುದು ಅವನ ಕೆಲಸ. ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ, ಎರಡರ ವ್ಯತ್ಯಾಸ. ಸುಗ್ಗಿಯಲ್ಲಿ ದಿನಕ್ಕೆ ನೂರು ಲಾರಿ ಬಂದರೂ ಸಂಜೆಯ ಒಟ್ಟು ಟನ್ನುಗಳನ್ನು ಕಾಗದ ನೋಡದೆ ಹೇಳುತ್ತಿದ್ದ. ನಾನು ಎರಡು ಸಲ ಪರೀಕ್ಷಿಸಿದ್ದೇನೆ. ಎರಡು ಸಲವೂ ಸರಿಯಿತ್ತು.

ಮೈದಾನದಲ್ಲೂ ಅದೇ ತಲೆ. ನಮ್ಮ ಆಟದಲ್ಲಿ ಚೆಂಡು ಎತ್ತರದ ಎರಡು ಕಂಬಗಳ ನಡುವೆ ಹೋದರೆ ಆರು ಅಂಕ, ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಒಂದು. ಎರಡೂ ತಂಡಗಳ ಲೆಕ್ಕ ಆಟದುದ್ದಕ್ಕೂ ನೆವ್‌ನ ತಲೆಯೊಳಗೆ ಓಡುತ್ತಿತ್ತು. ಉತ್ತರದ ತುದಿಯಲ್ಲಿ ತಗಡಿನ ಅಂಕಿಗಳನ್ನು ಕೊಕ್ಕೆಗೆ ನೇತುಹಾಕುವ ಬೋರ್ಡೊಂದಿತ್ತು. ನೆವ್ ಅದರ ಕಡೆ ನೋಡುತ್ತಲೇ ಇರಲಿಲ್ಲ. "ಬೋರ್ಡ್ ನೋಡೋದು ಕಾರಲ್ಲಿ ಕೂತು ಮಾಂಸದ ಪೈ ತಿನ್ನೋರ ಕೆಲ್ಸ ಕಣ್ರೋ. ಆಡೋನಿಗೆ ಒಳಗೇ ಗೊತ್ತಿರ್ಬೇಕು," ಎನ್ನುತ್ತಿದ್ದ.

ಆಟಗಾರನಾಗಿ ಬಿರಂಗಟ್‌ಗೆ ಇನ್ನೂರ ಹನ್ನೊಂದು ಪಂದ್ಯ ಆಡಿದ. ೧೯೬೦ರಲ್ಲಿ ಮೆಲ್ಬರ್ನ್‌ನ ದೊಡ್ಡ ಕ್ಲಬ್ಬೊಂದು ಅವನನ್ನು ಕರೆಸಿಕೊಂಡಿತ್ತು. ಅಲ್ಲಿ ಏಳು ಪಂದ್ಯ ಆಡಿ ಎಂಟನೆಯ ವಾರ ವಾಪಸು ಬಂದ. ಮನೆ ನೆನಪಾಯಿತಂತೆ ಎಂದು ಊರು ನಕ್ಕಿತು. ಅವನ ಹೆಂಡತಿ ಡೊರೀನ್ ನನಗೆ ಹೇಳಿದ್ದು ಬೇರೆ. ಟ್ರಾಮಿನಲ್ಲಿ ಕೂತರೆ ಎಲ್ಲಿ ಇಳಿಯಬೇಕೆಂದು ಅವನಿಗೆ ಮರೆತುಹೋಗುತ್ತಿತ್ತು. ಎರಡು ಸಲ ಕೊನೆಯ ನಿಲ್ದಾಣದವರೆಗೂ ಹೋಗಿ ಕತ್ತಲೆಯಲ್ಲಿ ನಡೆದು ಬಂದಿದ್ದ.

ಅವನ ಹೆಸರು ಊರಿನಲ್ಲಿ ಉಳಿದದ್ದು ಒಂದೇ ಒಂದು ಒದೆತದಿಂದ, ಅದು ೧೯೫೮ರ ಫೈನಲ್ಲಿನಲ್ಲಿ. ಆಗ ಅವನಿಗೆ ಇಪ್ಪತ್ತೆರಡು. ಕೊನೆಯ ಕ್ವಾರ್ಟರ್‌ನಲ್ಲಿ ಯಾರದೋ ಮೊಣಕೈ ಕಪಾಳಕ್ಕೆ ಬಡಿದು ಬಿದ್ದ. ಬಿದ್ದವನನ್ನು ಸ್ಕೋರ್ ಕೇಳುವುದು ನಮ್ಮ ಕಡೆಯ ಪದ್ಧತಿ. ಸರಿಯಾಗಿ ಹೇಳಿದರೆ ಆಟಕ್ಕೆ ವಾಪಸು, ತಪ್ಪಿದರೆ ಕಂಬಳಿ ಹೊದ್ದು ಬೆಂಚಿಗೆ. ಅಂದಿನ ಕೋಚ್ ಆರ್ಚಿ ಎಂಬ ಮುದುಕ ನೆವ್‌ನ ಭುಜ ಹಿಡಿದು ಬೋರ್ಡಿನ ಕಡೆಗೆ ತಿರುಗಿಸಿ, ಆಮೇಲೆ ಸ್ಕೋರ್ ಕೇಳಿದ. ನೆವ್ ಓದಿ ಹೇಳಿದ. ಎದ್ದು ಹೋಗಿ ಗೆಲುವಿನ ಗೋಲ್ ಹೊಡೆದ.

ಆ ಗೋಲ್ ಅವನಿಗೆ ನೆನಪಿಲ್ಲ. ಆ ದಿನದ ಬೆಳಗಿನ ತಿಂಡಿ ನೆನಪಿದೆ. ಅದಾದ ಮೇಲೆ ಭಾನುವಾರ ಸಂಜೆಯವರೆಗೆ ಏನೂ ಇಲ್ಲ. ಕ್ಲಬ್ಬಿನ ಗೋಡೆಯಲ್ಲಿ ಆ ಒದೆತದ ದೊಡ್ಡ ಚಿತ್ರ ತೂಗುತ್ತಿತ್ತು. ವಾರ್ಷಿಕ ಊಟದ ದಿನ ಯಾರಾದರೂ ಒತ್ತಾಯಿಸಿದರೆ ನೆವ್ ಎದ್ದು ಚಿತ್ರದ ಕಡೆ ಬೆರಳು ತೋರಿಸಿ, "ಅವನ್ಯಾರೋ ನಂಗೊತ್ತಿಲ್ಲಪ್ಪ. ಆದ್ರೆ ಒಳ್ಳೇ ಕಾಲು," ಎನ್ನುತ್ತಿದ್ದ. ಜನ ಮೇಜು ಬಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅಂದಿನಿಂದ ಭುಜ ಹಿಡಿದು ತಿರುಗಿಸುವುದು ನಮ್ಮೂರಿನಲ್ಲಿ ಒಂದು ಉಪಕಾರವಾಯಿತು. ಆಡಬೇಕೆಂದು ಆಸೆಯಿರುವವನಿಗೆ ಮಾಡುವ ಉಪಕಾರ. ಆಡಿದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಬೇರೆ ಊರಿನಿಂದ ಬಂದವನಾದ್ದರಿಂದ ತಿಳಿಯಲು ಹದಿನಾರು ವರ್ಷ ಬೇಕಾಯಿತು.

ಮೊಣಕಾಲು ಹೋದ ಮೇಲೆ, ೧೯೭೧ರಲ್ಲಿ, ನೆವ್ ಕೋಚ್ ಆದ. ಎರಡು ಸಲ ಕಪ್ ಗೆದ್ದುಕೊಟ್ಟ. ೧೯೭೯ರಲ್ಲಿ ಬಿಟ್ಟ. ೧೯೮೮ರಲ್ಲಿ ಆ ಕೆಲಸಕ್ಕೆ ಯಾರೂ ಸಿಗದಿದ್ದಾಗ ಮತ್ತೆ ಅವನನ್ನೇ ಕರೆದರು. ಅಷ್ಟು ಹೊತ್ತಿಗೆ ಅವನಿಗೆ ಹೆಸರುಗಳು ಕೈಕೊಡುತ್ತಿದ್ದವು. ಆಟಗಾರರನ್ನು ಜೆರ್ಸಿಯ ನಂಬರಿನಿಂದ ಕರೆಯುತ್ತಿದ್ದ. "ಏಯ್ ಹತ್ತೊಂಬತ್ತು, ನಿನ್ನೆ ಅಮ್ಮ ಊಟ ಹಾಕ್ಲಿಲ್ವಾ? ಓಡೋ!" ಹತ್ತೊಂಬತ್ತು ಎಂದರೆ ರಾಸ್ ಹೆಂಚ್ಕೆ. ಅದನ್ನು ಕಟ್ಟುನಿಟ್ಟಿನ ಕೋಚಿನ ಠೀವಿ ಎಂದು ಹುಡುಗರು ತಿಳಿದರು. ಸೈಲೋದ ಟನ್ನುಗಳು ಮಾತ್ರ ಅವನಿಗೆ ಒಂದೂ ಮರೆಯುತ್ತಿರಲಿಲ್ಲ.

೧೯೯೧ರ ಆ ಶನಿವಾರ ಋತುವಿನ ಕೊನೆಯ ಪಂದ್ಯ. ಎದುರಾಳಿ ಪಕ್ಕದೂರು ಟುರಾಬಿಲ್. ಗೆದ್ದವರು ಮುಂದಿನ ಸುತ್ತಿಗೆ. ಸೋತವರ ಕ್ಲಬ್ಬು ಗೆದ್ದವರ ಕ್ಲಬ್ಬಿನೊಳಗೆ ಸೇರಿಹೋಗಬೇಕು ಎಂಬ ಮಾತು ಲೀಗಿನ ಸಭೆಯಲ್ಲಿ ಆಗಲೇ ಆಗಿತ್ತು. ಸೋತರೆ ನಮ್ಮ ನೂರಾನಾಲ್ಕು ವರ್ಷದ ಕ್ಲಬ್ಬು, ಹಸಿರು-ಬಿಳಿ ಜೆರ್ಸಿ, ಎಲ್ಲ ಹೋಗುತ್ತಿತ್ತು. ನಮ್ಮ ಬೆಂಚಿನಲ್ಲಿದ್ದ ಇಬ್ಬರು ಬದಲಿಗಳೂ ಮಧ್ಯಂತರದ ಹೊತ್ತಿಗೆ ಖರ್ಚಾಗಿದ್ದರು: ಒಬ್ಬನಿಗೆ ತೊಡೆಯ ಸ್ನಾಯು ಹರಿದಿತ್ತು, ಇನ್ನೊಬ್ಬನಿಗೆ ಮೂಗು ಮುರಿದಿತ್ತು. ರಾಸ್ ಹೊರಗೆ ಕೂತರೆ ಹದಿನೆಂಟು ಜನರ ಎದುರು ಹದಿನೇಳು.

ರಾಸ್‌ಗೆ ಇಪ್ಪತ್ತಾರು ವರ್ಷ. ಕುರಿಯ ಉಣ್ಣೆ ಕತ್ತರಿಸುವ ಕೆಲಸ, ಕಬ್ಬಿಣದಂಥ ಬೆನ್ನು. ಅವನ ತಾಯಿ ಎಲ್ಸಾ ಹೆಂಚ್ಕೆ ಕ್ಲಬ್ಬಿನ ಕ್ಯಾಂಟೀನು ನಡೆಸುತ್ತಿದ್ದಳು. ಮಗ ಚೆಂಡು ಹಿಡಿದಾಗಲೆಲ್ಲ ಪೈ ಒಲೆಯ ಬಾಗಿಲು ಹಾಕಿ ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

ಮೂರು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ರಾಸ್ ಐವತ್ತು ಮೀಟರ್ ದೂರದಿಂದ ಒದ್ದ. ಚೆಂಡು ಅವನ ಕಾಲು ಬಿಟ್ಟ ಮೇಲೆ, ಓಡಿಬಂದ ಎದುರಾಳಿಯೊಬ್ಬ ನಿಲ್ಲಲಾರದೆ ಅವನ ಮೇಲೆ ಬಿದ್ದ. ಆ ಮನುಷ್ಯನ ಮೊಣಕಾಲು ರಾಸ್‌ನ ಕಿವಿಯ ಮೇಲ್ಗಡೆ ತಗುಲಿತು. ಬೇಕೆಂದು ಮಾಡಿದ್ದಲ್ಲ. ಅಷ್ಟರಲ್ಲಿ ಚೆಂಡು ಕಂಬಗಳ ನಡುವೆ ಹಾದುಹೋಗಿತ್ತು. ಗೋಲ್. ನಮ್ಮ ಕಾರುಗಳೆಲ್ಲ ಒಟ್ಟಿಗೆ ಹಾರನ್ ಹೊಡೆದವು. ನಾನು ಪುಸ್ತಕದಲ್ಲಿ ನಲವತ್ತೇಳನ್ನು ಹೊಡೆದುಹಾಕಿ ಐವತ್ತಮೂರು ಎಂದು ಬರೆದೆ.

ಬೋರ್ಡಿನಲ್ಲಿ ಮಾತ್ರ ನಲವತ್ತೇಳೇ ಇತ್ತು. ಬೋರ್ಡಿನ ಮುದುಕ ಕ್ಲೆಮ್‌ಗೆ ಮೂರರ ತಗಡು ಸಿಗಲಿಲ್ಲ. ಕೊಕ್ಕೆ ತುಕ್ಕು ಹಿಡಿದು ಕಳಚಿ ಅದು ಹಿಂದಿನ ಹುಲ್ಲಿನಲ್ಲಿ ಬಿದ್ದಿತ್ತು. ಅವನು ಏಣಿ ಇಳಿದು, ಬಗ್ಗಿ ಹುಡುಕಿ, ಮತ್ತೆ ಏಣಿ ಹತ್ತಿ ಅಂಕಿ ಬದಲಿಸುವಷ್ಟರಲ್ಲಿ ಮೂರು ಐವತ್ತಮೂರು ಆಗಿತ್ತು. ಬೋರ್ಡು ತಡವಾದರೆ ಆ ನಿಮಿಷವನ್ನೂ ಪುಸ್ತಕದ ಅಂಚಿನಲ್ಲಿ ಗುರುತಿಸುವುದು ನನ್ನ ಅಭ್ಯಾಸ.

ಆ ನಾಲ್ಕು ನಿಮಿಷಗಳ ನಡುವೆಯೇ ರಾಸ್‌ನನ್ನು ಗೆರೆಯ ಬಳಿ ಕರೆತಂದು ಕೂರಿಸಿದ್ದು. ಪೆಟ್ಟಾದವರನ್ನು ನೋಡಿಕೊಳ್ಳುತ್ತಿದ್ದವನು ಊರಿನ ಮಾಂಸದಂಗಡಿಯ ಮರ್ವ್ ಕಿಟ್ಸನ್. ನೆವ್ ಭುಜ ತಿರುಗಿಸಿದ ಮೇಲೆ ಮರ್ವ್ ಬೋರ್ಡಿಗೆ ಬೆನ್ನು ಹಾಕಿ ರಾಸ್‌ನ ಎದುರು ಕುಕ್ಕರಗಾಲಿನಲ್ಲಿ ಕೂತ. ಅಲ್ಲಿ ನಡೆದ ಮಾತನ್ನು ಅವನು ಆಮೇಲೆ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ.

"ಏನೋ ರಾಸ್, ಬದುಕಿದ್ದೀಯಾ?"

"ನಿನ್ ಮುಖ ನೋಡಿದ್ರೆ ಸತ್ತಿದ್ರೇ ವಾಸಿಯಿತ್ತು ಅನ್ಸುತ್ತೆ."

"ನಾಲಿಗೆ ನೆಟ್ಟಗಿದೆ. ಸ್ಕೋರ್ ಎಷ್ಟು ಹೇಳಪ್ಪ."

ರಾಸ್ ಒಂದು ಸಂಖ್ಯೆ ಹೇಳಿದ. ಮರ್ವ್ ಕತ್ತು ಹೊರಳಿಸಿ ಬೋರ್ಡ್ ನೋಡಿದ. "ಸರಿ. ನಡಿ," ಎಂದ. ನೆವ್ ಏನೂ ಹೇಳಲಿಲ್ಲ. ರಾಸ್ ಎದ್ದು ಓಡಿದ.

ನಾಲ್ಕು ಮೂವತ್ತೊಂದಕ್ಕೆ, ಕೊನೆಯ ಕ್ವಾರ್ಟರ್‌ನಲ್ಲಿ, ಯಾರೂ ಮುಟ್ಟದಿದ್ದರೂ ರಾಸ್ ಬೂಟಿನ ದಾರ ಕಟ್ಟುವವನಂತೆ ಕೂತ. ಆಟ ಅವನನ್ನು ಬಿಟ್ಟು ಮುಂದಕ್ಕೆ ಹೋಯಿತು. ನಾನು ಕಣ್ಣು ಬೇರೆಡೆ ಹೊರಳಿಸಿ ಮತ್ತೆ ನೋಡಿದಾಗ ಪಕ್ಕಕ್ಕೆ ಒರಗಿದ್ದ. ಏಳು ನಿಮಿಷದ ನಂತರ ಆಟ ಮುಗಿದ ಸೈರನ್ ಕೂಗಿತು. ಬಿರಂಗಟ್ ಎಪ್ಪತ್ತೈದು, ಟುರಾಬಿಲ್ ಎಪ್ಪತ್ತೊಂದು. ಮೈದಾನದ ಆ ತುದಿಯಲ್ಲಿ ಏನಾಗಿದೆಯೆಂದು ಕಾಣದ ಕಾರುಗಳು ಈ ತುದಿಯಲ್ಲಿ ಹಾರನ್ ಹೊಡೆಯುತ್ತಲೇ ಇದ್ದವು.

ದೊಡ್ಡ ಊರಿನ ಆಸ್ಪತ್ರೆ ತೊಂಬತ್ತೆರಡು ಕಿಲೋಮೀಟರ್. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೋರಿತ್ತು. ಪೆಟ್ಟು ಬಿದ್ದ ಕೂಡಲೇ ಮಲಗಿಸಿ ಕರೆತಂದಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿತ್ತು ಎಂದು ವೈದ್ಯರು ಬರೆದರು. ಭಾನುವಾರ ಬೆಳಗಿನ ಜಾವ ರಾಸ್ ಹೋದ.

ಗುರುವಾರ ಲೂಥರನ್ ಚರ್ಚಿನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ, ಪಕ್ಕದ ಹಾಲಿನಲ್ಲಿ ಚಹಾ. ಎಲ್ಸಾ ತಾನೇ ಕೇಕು ಕೊಯ್ದು ಹಂಚುತ್ತಿದ್ದಳು. ಬೇರೆಯವರು ಚಾಕು ಕೇಳಿದರೆ ಕೊಡಲಿಲ್ಲ. ನೆವ್‌ನ ಮುಂದೆ ಬಂದು ತಟ್ಟೆ ಹಿಡಿದಳು. ನಾನು ಅವನ ಪಕ್ಕದಲ್ಲಿದ್ದೆ.

"ಒಂದೇ ಮಾತು ಕೇಳ್ತೀನಿ ನೆವ್. ಪೆಟ್ಟು ಬೀಳೋವಾಗ ಹೋದ ಗೋಲ್ ತಾನೇ ಹೊಡ್ದಿದ್ದು ಅಂತ ಅವ್ನಿಗೆ ಗೊತ್ತಿತ್ತಾ?"

ನೆವ್ ತಟ್ಟೆಯನ್ನೇ ನೋಡಿದ. "ಗೊತ್ತಿತ್ತು ಎಲ್ಸಾ. ಚೆನ್ನಾಗ್ ಗೊತ್ತಿತ್ತು."

"ಅಷ್ಟು ಸಾಕು," ಎಂದು ಅವಳು ಮುಂದಿನವನಿಗೆ ತಟ್ಟೆ ಹಿಡಿದಳು.

ಸಾವಿಗೆ ಕಾರಣವಾದ ಪೆಟ್ಟು ಮೈದಾನದಲ್ಲಿ ಬಿದ್ದದ್ದರಿಂದ ಸರ್ಕಾರದ ವಿಚಾರಣೆ ನಡೆಯಲೇಬೇಕಿತ್ತು. ಪೊಲೀಸರು ಹೇಳಿಕೆ ಪಡೆದರು. "ಸ್ಕೋರ್ ಕೇಳಿದೆ, ಸರಿಯಾಗಿ ಹೇಳಿದ," ಎಂದು ಮರ್ವ್ ಬರೆದುಕೊಟ್ಟ. ಸಂಖ್ಯೆ ಯಾವುದೆಂದು ಅವನಿಗೆ ನೆನಪಿರಲಿಲ್ಲ; ಬೋರ್ಡಿಗೆ ಹೊಂದಿತ್ತು, ಅಷ್ಟೇ. ಊರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ, ಎಲ್ಲಿ ಹೋದರೂ "ಸ್ಕೋರ್ ಹೇಳಿದ್ನಲ್ಲ, ಇನ್ನೇನ್ ಮಾಡಕ್ಕಾಗುತ್ತೆ" ಎನ್ನುವುದು ಒಂದು ಪ್ರಾರ್ಥನೆಯ ಹಾಗೆ ಕೇಳುತ್ತಿತ್ತು.

ಡಿಸೆಂಬರಿನಲ್ಲಿ ಶಾಲೆಗೆ ರಜೆ ಸಿಕ್ಕಿದ ಮೇಲೆ, ಹಳೆಯ ಪುಸ್ತಕಗಳನ್ನು ಕಪಾಟಿಗೆ ಸೇರಿಸುವಾಗ, ಆ ಪುಟದ ಅಂಚಿನ ಗುರುತು ಕಣ್ಣಿಗೆ ಬಿತ್ತು. ಮೂರು ನಲವತ್ತೊಂಬತ್ತು, ಗೋಲ್. ಮೂರು ಐವತ್ತೆರಡು, ಪ್ರಶ್ನೆ. ಮೂರು ಐವತ್ತಮೂರು, ಬೋರ್ಡ್ ಬದಲು. ಗಣಿತ ಸರಳ. ರಾಸ್‌ಗೆ ನಿಜವಾಗಿ ಎಚ್ಚರವಿದ್ದರೆ ತನ್ನ ಗೋಲನ್ನು ಸೇರಿಸಿ ಐವತ್ತಮೂರು ಎನ್ನಬೇಕಿತ್ತು. ಆಗ ಮರ್ವ್ ಬೋರ್ಡ್ ನೋಡಿ ತಪ್ಪು ಎನ್ನುತ್ತಿದ್ದ. ಮರ್ವ್ ಸರಿ ಎಂದನೆಂದರೆ, ರಾಸ್ ಕಣ್ಣೆದುರಿಗಿದ್ದದ್ದನ್ನು ಓದಿದ್ದ. ಸಂಖ್ಯೆಯನ್ನು ಕಿವಿಯಾರೆ ಕೇಳಿದವರು ಇಬ್ಬರು. ಅವರಲ್ಲಿ ನಿಜವಾದ ಲೆಕ್ಕ ತಲೆಯಲ್ಲಿದ್ದವನು ಒಬ್ಬನೇ.

ಪುಸ್ತಕ ಹಿಡಿದು ಸೈಲೋಗೆ ಹೋದೆ. ನೆರಳಿನಲ್ಲೇ ನಲವತ್ತೊಂದು ಡಿಗ್ರಿ. ತೂಕದ ಕಟ್ಟೆಯ ಪಕ್ಕದ ತಗಡಿನ ಗೂಡಿನಲ್ಲಿ ನೆವ್ ಕೂತಿದ್ದ. ಗೋಧಿಯ ಧೂಳು ಅವನ ಹುಬ್ಬಿಗೆ ಅಂಟಿತ್ತು. ಪುಸ್ತಕ ತೆರೆದು ಮುಂದಿಟ್ಟೆ. ಅವನು ಓದಿದ. ಮರ್ವ್ ಕೂಡ ತನ್ನ ಅಂಗಡಿಯ ತಣ್ಣನೆಯ ಕೋಣೆ ಬಿಟ್ಟು ಬಂದು ಅಲ್ಲೇ ಬೆವರು ಒರೆಸುತ್ತ ನಿಂತಿದ್ದ. ತನ್ನ ಅಣ್ಣನ ಲಾರಿಯಲ್ಲಿ ಬಂದಿದ್ದ.

"ಏನ್ ಗಡಿಯಾರದ ಮೇಷ್ಟ್ರೇ," ಎಂದ ಮರ್ವ್, "ರಜೆ ಕೊಟ್ರೂ ಪರೀಕ್ಷೆ ಬಿಡಲ್ವಾ?"

"ಬೋರ್ಡು ಆವಾಗ ತಪ್ಪಿತ್ತು ಮರ್ವ್," ಎಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಗಾಯಿತು. "ಅದು ನಂಗೇನ್ ಗೊತ್ತು? ಬೋರ್ಡ್ ನೋಡ್ದೆ, ಸರಿಯಿತ್ತು. ನೆವ್, ವಿಚಾರಣೇಲಿ ನೀನೂ ಅಷ್ಟೇ ಹೇಳು. ಸರಿಯಾಗ್ ಹೇಳ್ದ ಅನ್ನು. ಸುಳ್ಳೂ ಅಲ್ಲ ಅದು. ಸತ್ತೋನು ಎದ್ದು ಬರ್ತಾನಾ? ಎಲ್ಸಾ ಬೇರೆ ಮುಂದೆ ಕೂತಿರ್ತಾಳೆ ಕಣೋ."

ನೆವ್ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ.

"ಕೇಳ್ದೆ," ಎಂದ. "ಅವನು ಹೇಳಿದ್ದು ಕೇಳ್ದೆ. ಹೇಳಿದ್ ತಕ್ಷಣ ಗೊತ್ತಾಯ್ತು."

"ಆಮೇಲೆ?"

"ಆಮೇಲೇನು. ಬೆಂಚು ಖಾಲಿ ಇತ್ತು." ಹೊರಗೆ ಲಾರಿಯೊಂದು ಕಟ್ಟೆ ಹತ್ತಿತು. ಅವನು ತೂಕದ ಮುಳ್ಳಿನ ಕಡೆ ತಿರುಗಿದ. "ನನ್ನೂ ಹಂಗೇ ಕಳ್ಸಿದ್ರಲ್ಲ ಮೇಷ್ಟ್ರೇ. ನಾನು ಬದುಕ್ದೆ. ಎಲ್ರೂ ಬದುಕ್ತಾರೆ ಅಂದ್ಕೊಂಡೆ."

ರಾಸ್ ಏನು ಹೇಳಿದ ಎಂದು ನಾನು ಕೇಳಲಿಲ್ಲ. ವಿಚಾರಣೆಗೆ ಪುಸ್ತಕ ಕೊಡಬೇಕೇ ಎಂದು ಮಾತ್ರ ಕೇಳಿದೆ. "ಕೇಳಿದ್ರೆ ಕೊಡು," ಎಂದ. ಅಧಿಕಾರಿಗಳು ಕೇಳಿದರು, ಕೊಟ್ಟೆ. ಅವರು ಗೋಲುಗಳ ಸಮಯ ನೋಡಿ ಹಿಂತಿರುಗಿಸಿದರು. ಅಂಚಿನ ಗುರುತಿನ ಬಗ್ಗೆ ಯಾರೂ ಪ್ರಶ್ನೆ ಹಾಕಲಿಲ್ಲ. ನಾನಾಗಿ ಹೇಳಲೂ ಇಲ್ಲ. ಅದು ನನ್ನ ಪಾಲಿನ ತಪ್ಪು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಗೆಲುವಿನ ಮರುವಾರ ತಂಡ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿ ತೊಂಬತ್ತೊಂದು ಅಂಕಗಳಿಂದ ಸೋತಿತು. ಮೂರು ವರ್ಷಗಳಲ್ಲಿ ಕ್ಲಬ್ಬು ಟುರಾಬಿಲ್‌ನೊಳಗೆ ಹೇಗೂ ಸೇರಿಹೋಯಿತು. ಹಸಿರು-ಬಿಳಿ ಈಗ ಎಲ್ಲೂ ಇಲ್ಲ. ವಿಚಾರಣೆಯ ನಂತರ ನಮ್ಮ ಲೀಗಿನಲ್ಲಿ ಸ್ಕೋರ್ ಕೇಳುವ ಪದ್ಧತಿ ನಿಂತಿತು. ತಲೆಗೆ ಪೆಟ್ಟು ಬಿದ್ದವನು ಆ ದಿನ ಮತ್ತೆ ಆಡುವಂತಿಲ್ಲ ಎಂದು ನಿಯಮ ಬಂತು. ನೆವ್ ಮೇಲೆ ಮೊಕದ್ದಮೆ ಆಗಲಿಲ್ಲ. ಆದರೆ ಕ್ಲಬ್ಬಿನ ಗೋಡೆಯಿಂದ ೧೯೫೮ರ ಚಿತ್ರವನ್ನು ಯಾರೋ ಇಳಿಸಿದರು, ಮರ್ವ್ ತನ್ನ ಅಂಗಡಿಯಲ್ಲಿ ಅವನಿಗೆ ಮಾಂಸ ಕಟ್ಟಿಕೊಡುವಾಗ ತಲೆ ಎತ್ತುವುದನ್ನು ಬಿಟ್ಟ. ಎಲ್ಸಾ ಕ್ಯಾಂಟೀನಿನ ಕಿಟಕಿ ಮುಚ್ಚಿದಳು, ಮತ್ತೆ ತೆರೆಯಲಿಲ್ಲ. ನೆವ್ ಜೊತೆ ಅವಳು ಮಾತಾಡಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಕೊನೆಯ ವರ್ಷಗಳಲ್ಲಿ ಅವನಿಗೆ ಡೊರೀನಳ ಹೆಸರೂ ಹೋಯಿತು. ಸಂಜೆ ಸೈಲೋದ ಬೇಲಿಯ ಬಳಿ ನಿಂತು ಯಾವುದೋ ಹಳೆಯ ಸುಗ್ಗಿಯ ಟನ್ನುಗಳನ್ನು ಹೇಳಿಕೊಳ್ಳುತ್ತಿದ್ದ. ೨೦೦೧ರ ಜೂನ್‌ನಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಹತ್ತೊಂಬತ್ತು ಜನ ಬಂದಿದ್ದರು. ಎಲ್ಸಾ ಬಂದು ಎರಡನೆಯ ಸಾಲಿನಲ್ಲಿ ಕೂತು, ಮುಗಿದ ಕೂಡಲೇ ಎದ್ದು ಹೋದಳು.

ವಿಚಾರಣೆಯ ದಿನವೂ ಅವಳು ಎರಡನೆಯ ಸಾಲಿನಲ್ಲೇ ಕೂತಿದ್ದಳು. ೧೯೯೨ರ ಏಪ್ರಿಲ್ ೯, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಊರಿನ ಅರ್ಧ ಜನ ಆ ಕೋರ್ಟಿನ ಕೋಣೆಯಲ್ಲಿದ್ದರು. ಮರ್ವ್‌ನ ಹೇಳಿಕೆ ಓದಿ ಆಗಿತ್ತು. ನೆವ್ ಮದುವೆಗೆ ಹೊಲಿಸಿದ ಕೋಟಿನಲ್ಲಿ ಸಾಕ್ಷಿಯ ಕಟ್ಟೆಯಲ್ಲಿ ನಿಂತಿದ್ದ. ಅವನು ಒಂದು "ಹೌದು" ಎಂದರೆ ಎಲ್ಲರೂ ಮನೆಗೆ ಹೋಗಬಹುದಿತ್ತು.

"ಶ್ರೀ ಟ್ರೆಲೋರ್, ರಾಸ್ ಸ್ಕೋರನ್ನು ಸರಿಯಾಗಿ ಹೇಳಿದರೆಂದು ಶ್ರೀ ಕಿಟ್ಸನ್ ಬರೆದುಕೊಟ್ಟಿದ್ದಾರೆ," ಎಂದರು ವಿಚಾರಣಾಧಿಕಾರಿ. "ನೀವೂ ಕೇಳಿದಿರಾ?"

"ಕೇಳಿದೆ ಸ್ವಾಮಿ."

"ಸರಿಯಾದ ಉತ್ತರವೇ?"

ನೆವ್ ಕಟ್ಟೆಯ ಅಂಚಿಗೆ ಕೈಯೂರಿದ.

"ಬೋರ್ಡಿಗೆ ಸರಿಯಿತ್ತು ಸ್ವಾಮಿ. ಬೋರ್ಡೇ ತಪ್ಪಿತ್ತು. ನಾನೇ ಅವನ ಭುಜ ಹಿಡ್ದು ಬೋರ್ಡಿನ ಕಡೆ ತಿರುಗಿಸ್ದೆ, ನೋಡಿ ಹೇಳ್ಲಿ ಅಂತ. ನಿಜವಾದ ಸ್ಕೋರು ಐವತ್ತಮೂರು. ನನ್ ತಲೇಲಿ ಇತ್ತು. ಕೊನೇ ಆರು ಅಂಕ ರಾಸೇ ಹೊಡ್ದಿದ್ದು."

ಹಿಂದಿನ ಸಾಲಿನಲ್ಲಿ ಮರ್ವ್ "ಅಯ್ಯೋ ನೆವ್" ಎಂದದ್ದು ಕೇಳಿಸಿತು. ನೆವ್ ಅಧಿಕಾರಿಯನ್ನು ಬಿಟ್ಟು ಎರಡನೆಯ ಸಾಲಿನ ಕಡೆ ತಿರುಗಿದ. ಎಲ್ಸಾ ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮುಖ ಬೇರೆ ಕಡೆ ಮಾಡಲಿಲ್ಲ.

"ಅವನಿಗೆ ಗೊತ್ತಿತ್ತು ಅಂದೆ ನಿಂಗೆ. ಗೊತ್ತಿರ್ಲಿಲ್ಲ ಎಲ್ಸಾ."

"ದಯವಿಟ್ಟು ಇತ್ತ ನೋಡಿ ಉತ್ತರಿಸಿ," ಎಂದರು ಅಧಿಕಾರಿ. ದನಿ ಮೆತ್ತಗಿತ್ತು. "ದಾಖಲೆಗೆ ಬೇಕು. ಸ್ಕೋರ್ ಎಷ್ಟೆಂದು ಕೇಳಿದಾಗ ರಾಸ್ ಹೇಳಿದ ಸಂಖ್ಯೆ ಯಾವುದು?"

"ನಲವತ್ತೇಳು."